ತುಕ್ರುವಿಗೆ ನಾನು ಓದಿ ಹೇಳಿದ ಕಾಗದ

ಹರಿಣಾಕ್ಷಿ, ಯುಟ್ರೆಕ್ಟ್ ಸ್ಟೇಷನ್ನಿನಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು. ‘ಆ ಕಾಗದವನ್ನು ನನ್ನ ಅಜ್ಜಿಗೆ ಓದಿ ಹೇಳಿದ್ದು ಯಾರು?’ ಎಂದು ನೀವು ಕೇಳಿದಿರಿ. ‘ಗೊತ್ತಿಲ್ಲ’ ಎಂದೆ. ಗೊತ್ತಿತ್ತು. ಓದಿದವಳು ನಾನೇ. ಅದರಲ್ಲಿ ಬರೆದಿದ್ದದ್ದು ಒಂದು, ನಾನು ಓದಿ ಹೇಳಿದ್ದು ಇನ್ನೊಂದು — ತಿಳಿದೂ ತಿಳಿದೂ.

ಇಷ್ಟನ್ನು ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಹೆದರಿಕೆ. ಬಾಗಿಲ ಗಂಟೆ ಬಾರಿಸಿದರೆ ಹೆದರಿಕೆ, ಫೋನಿನಲ್ಲಿ ನಿಮ್ಮ ನಂಬರು ಕಂಡರೆ ಹೆದರಿಕೆ, ಮಗಳು ‘ಅಮ್ಮಾ’ ಎಂದು ಕರೆದರೂ ಹೆದರಿಕೆ. ಕನಿಕರ ಬೇಡಲು ಇದನ್ನು ಹೇಳುತ್ತಿಲ್ಲ. ಹೇಳದೆ ಬಿಟ್ಟರೆ ಈ ಬರಹವೂ ಅರ್ಧ ಸುಳ್ಳಾಗುತ್ತದೆ, ಅದಕ್ಕೆ. ನಿಮಗೆ ಗೊತ್ತಿರುವುದನ್ನೂ ಬಿಡದೆ ಮೊದಲಿನಿಂದ ಬರೆಯುತ್ತೇನೆ. ನಿಮ್ಮ ಅಮ್ಮನಿಗಾಗಿ ಬೇಕು, ಹೊರಗಿನವರಿಗೂ ತೋರಿಸಬೇಕಾಗಬಹುದು ಎಂದಿದ್ದೀರಿ.

ನಮ್ಮದು ಉಡುಪಿಯಿಂದ ಒಳಗೆ, ಬಯಲಿನ ಅಂಚಿನಲ್ಲಿದ್ದ ದಣಿಗಳ ಮನೆ. ನಿಮ್ಮ ಅಜ್ಜಿ ತುಕ್ರು ಆ ಮನೆಯ ಮೂಲದಾಳು. ಹುಟ್ಟುವ ಮೊದಲೇ ನಮ್ಮ ಗದ್ದೆಗೆ ಸೇರಿಹೋದವರು. ಅವರ ತಾಯಿಯೂ ಹಾಗೆಯೇ, ತಾಯಿಯ ತಾಯಿಯೂ. ಗದ್ದೆ ಕೈ ಬದಲಾಯಿಸಿದರೆ ಆಳೂ ಗದ್ದೆಯ ಜೊತೆಗೇ ಹೋಗುತ್ತಿದ್ದ ಕಾಲವೊಂದಿತ್ತು ಎಂದು ನಮ್ಮಲ್ಲಿ ಊಟದ ಹೊತ್ತಿಗೆ, ತಮಾಷೆಯಂತೆ ಮಾತಾಡುತ್ತಿದ್ದರು. ನಾವು ಮಕ್ಕಳೂ ತುಕ್ರುವನ್ನು ‘ನೀನು’ ಎಂದೇ ಕರೆದೆವು, ‘ಬಂದಳು’, ‘ಹೋದಳು’ ಎಂದೆವು. ಈಗ ‘ಅವರು’ ಎಂದು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಇಷ್ಟು ಸುಲಭದ ಮಾತಾಗಿತ್ತೇ ಅದು.

ನನ್ನ ಅಪ್ಪ ಅಮ್ಮನ ಮದುವೆಯ ದಿನ ಅವರು ನಮ್ಮ ಹಟ್ಟಿಯಲ್ಲಿ, ದನಗಳ ನಡುವೆ, ನಿಮ್ಮ ಅಮ್ಮ ಬಾಗಿಯನ್ನು ಹೆತ್ತರು. ದಿಬ್ಬಣ ಬರುವ ಹೊತ್ತು. ಕೂಗಿದರೆ ಅಪಶಕುನವಾಗುತ್ತದೆಂದು ಬೈಹುಲ್ಲನ್ನು ಬಾಯಲ್ಲಿ ಕಚ್ಚಿಕೊಂಡರಂತೆ. ಇದನ್ನು ನನಗೆ ಹೇಳಿದ್ದು ನನ್ನ ಅಜ್ಜಿ. ತುಕ್ರು ಎಂಥ ಗಟ್ಟಿಗಿತ್ತಿ ಎಂದು ಹೊಗಳಲು ಹೇಳಿದ್ದು.

ಈಗ ಕಾಗದ.

ನಾನಾಗ ಎಸ್ಸೆಸ್ಸೆಲ್ಸಿ. ಹದಿನೈದು ತುಂಬಿತ್ತು; ಏನೂ ಅರಿಯದ ಮಗು ಎನ್ನುವ ವಯಸ್ಸಲ್ಲ. ಕೂಲಿಯವರು ವಾಸವಾಗಿರುವ ಗುಡಿಸಲಿನ ಜಾಗ ಅವರ ಹೆಸರಿಗೇ ಆಗುತ್ತದೆ ಎಂಬ ಕಾನೂನು ಬಂದಿತ್ತು. ನಮ್ಮ ಜಾಗದ ಗುಡಿಸಲಿನಲ್ಲಿದ್ದ ತುಕ್ರು ಅರ್ಜಿ ಕೊಡುತ್ತಾರೆಂದು ಯಾರೋ ಅಪ್ಪನ ಕಿವಿಗೆ ಹಾಕಿದ್ದರು. ಅಪ್ಪ ಒಂದು ಕಾಗದ ಬರೆಸಿ ತಂದರು. ‘ನಾನು ಸದರಿ ಜಾಗದಲ್ಲಿ ವಾಸವಿರುವುದಿಲ್ಲ, ಕೆಲಸದ ದಿನಗಳಲ್ಲಿ ಮಾತ್ರ ಬಂದು ಹೋಗುತ್ತೇನೆ, ನನಗೆ ಯಾವ ಹಕ್ಕೂ ಇರುವುದಿಲ್ಲ’ ಎಂದು ಅದರಲ್ಲಿತ್ತು. ಚಾವಡಿಯಲ್ಲಿ ಕೂತು ನಾನದನ್ನು ಎರಡು ಸಲ ಓದಿದೆ. ಅರ್ಥವಾಯಿತು.

ತುಕ್ರು ಅಂಗಳದಲ್ಲಿ ನಿಂತಿದ್ದರು. ಅಪ್ಪ ಕಾಗದ ಮುಂದೆ ಹಿಡಿದರೆ ಹೆಬ್ಬೆಟ್ಟು ಕೊಡಲಿಲ್ಲ. ಅಪ್ಪನನ್ನು ನಂಬಲಿಲ್ಲ ಅವರು. ನನ್ನನ್ನು ಅವರು ಕರೆಯುತ್ತಿದ್ದದ್ದು ‘ಸಣ್ಣಕ್ಕೆ’, ಚಿಕ್ಕ ಒಡತಿ ಎಂದು. ನನ್ನ ಕಡೆ ತಿರುಗಿ ತುಳುವಿನಲ್ಲಿ ಕೇಳಿದರು — ‘ಸಣ್ಣಕ್ಕೆ, ನೀವು ಓದಿ. ಇದರಲ್ಲಿ ಏನುಂಟು?’

ಅಪ್ಪ ನನ್ನನ್ನು ನೋಡಿದರು. ಗದರಿಸಲಿಲ್ಲ. ಕಣ್ಣು ಬಿಡಲೂ ಇಲ್ಲ. ಅವತ್ತು ನನಗೆ ಅಪ್ಪನ ಹೆದರಿಕೆಯಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಇರಲಿಲ್ಲ. ಇದ್ದದ್ದು — ಹೇಗೆ ಬರೆಯಲಿ — ಒಂದು ಬಗೆಯ ಹೆಮ್ಮೆ. ಮನೆಯ ದೊಡ್ಡವರ ಕೆಲಸದಲ್ಲಿ ನನಗೂ ಪಾಲು ಸಿಕ್ಕಿದ ಹೆಮ್ಮೆ. ಕಾಗದದ ಮೇಲೆ ಬೆರಳಿಟ್ಟು, ಸಾಲಿನಿಂದ ಸಾಲಿಗೆ ಬೆರಳು ಸರಿಸುತ್ತಾ, ನಿಜವಾಗಿ ಓದುವವಳ ಹಾಗೆ ಹೇಳಿದೆ: ‘ರೇಷನ್ ಕಾರ್ಡಿಗೆ ತುಕ್ರು. ಸೀಮೆಎಣ್ಣೆ, ಸಕ್ಕರೆ ಸಿಗ್ತದೆ.’

ಅವರು ಹೆಬ್ಬೆಟ್ಟು ಒತ್ತಿದರು. ಆಮೇಲೆ ಬೆರಳನ್ನು ಕಲ್ಲಿಗೆ ಉಜ್ಜಿ ಶಾಯಿ ಒರೆಸಿಕೊಂಡು ಗದ್ದೆಗೆ ಹೋದರು.

ಎರಡು ವರ್ಷ ಕಳೆದು ಅಪ್ಪ ಆ ಗುಡಿಸಲು ಕೀಳಿಸಿದರು. ನಾನಾಗ ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ರಜೆಯಲ್ಲಿ ಬಂದಾಗ ಜಾಗ ಸಮತಟ್ಟಾಗಿತ್ತು. ತುಕ್ರು, ಬಾಗಿ ಎಲ್ಲಿ ಎಂದು ಕೇಳಲಿಲ್ಲ. ಕಲ್ಲುಕೋರೆಯ ಬದಿಗೆ ಹೋದರು ಎಂದು ಯಾರೋ ಹೇಳಿದರು. ಊಟ ಮಾಡಿದೆ, ನಿದ್ದೆ ಮಾಡಿದೆ.

ಇನ್ನು ಇಲ್ಲಿಯದು.

ಗಂಡನ ಕೆಲಸದ ಜೊತೆ ನಾನು ಆಮ್‌ಸ್ಟರ್‌ಡ್ಯಾಮಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಬೈಟನ್‌ವೆಲ್ಡರ್ಟ್ ಎಂಬ ಬಡಾವಣೆಯಲ್ಲಿ ಮನೆ, ಒಂದು ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸ. ಎರ್ನಾ ಎಂಬವರು ಅಲ್ಲಿಗೆ ಬರುತ್ತಿದ್ದರು. ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮ್ ಮೂಲದವರು, ನಿವೃತ್ತ ನರ್ಸ್; ಅವರ ಮುತ್ತಜ್ಜಿಯ ತಾಯಿ ಕಬ್ಬಿನ ತೋಟದಲ್ಲಿ ಗುಲಾಮಳಾಗಿ ಹುಟ್ಟಿದವಳು. ಗುಲಾಮಗಿರಿಗಾಗಿ ಇಲ್ಲಿನ ಸರಕಾರ ಕ್ಷಮೆ ಕೇಳಿದ ಮೇಲೆ ಎರ್ನಾ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಭಾನುವಾರದ ಮಾತುಕತೆ ಶುರು ಮಾಡಿದರು. ‘ಎಕ್ಸ್‌ಕೂಸಸ್ ಬಂತು, ಹೆರ್‌ಸ್ಟೆಲ್ ಯಾವಾಗ?’ ಎಂಬುದು ಅವರ ಮಾತು. ಕ್ಷಮೆ ಬಂತು, ಕೆಟ್ಟದ್ದನ್ನು ಸರಿಪಡಿಸುವುದು ಯಾವಾಗ ಎಂದು. ಅವರ ಕರೆಗೆ ಇಲ್ಲವೆನ್ನಲಾಗದೆ ನಾನೂ ಹೋದೆ.

ಆ ಭಾನುವಾರ ಇಪ್ಪತ್ತು ಜನ ಇದ್ದಿರಬಹುದು. ಕಾಫಿ, ಬಿಸ್ಕತ್ತು. ಒಬ್ಬ ಹಿರಿಯರು, ನಿವೃತ್ತ ಮೇಷ್ಟ್ರು, ಎದ್ದು ಹೇಳಿದರು: ‘ನಾನು ಯಾರನ್ನೂ ಕೊಂಡವನಲ್ಲ, ಮಾರಿದವನಲ್ಲ. ಮುತ್ತಾತಂದಿರ ತಪ್ಪಿಗೆ ನಾನೇಕೆ ಪರಿಹಾರ ಕೊಡಬೇಕು?’ ಎರ್ನಾ ಶಾಂತವಾಗಿಯೇ ಹೇಳಿದರು: ‘ಅವರು ಬಿಟ್ಟುಹೋದ ಮನೆಯಲ್ಲಿ ನೀವು ಇಂದಿಗೂ ಇದ್ದೀರಿ. ಅದಕ್ಕೆ.’ ಮಾತು ಬಿಸಿಯಾಯಿತು. ಆಗ ಆ ಮೇಷ್ಟ್ರು ನನ್ನ ಕಡೆ ತಿರುಗಿ ಕೇಳಿದರು: ‘ಈ ಮೇಡಂ ಭಾರತದವರು. ನಿಮ್ಮಲ್ಲೂ ಜೀತದವರು ಇದ್ದರಲ್ಲ? ಅವರಿಗೆ ನೀವು ಏನು ಕೊಟ್ಟಿರಿ?’

ಅವರು ಕೇಳಿದ್ದು ವಾದಕ್ಕೆ. ಆದರೆ ನನಗೆ — ಆ ಮನುಷ್ಯ ನಮ್ಮ ಅಂಗಳಕ್ಕೇ ಬಂದು ನಿಂತು ಕೇಳಿದ ಹಾಗಾಯಿತು. ಇಪ್ಪತ್ತು ಮುಖ ನನ್ನ ಕಡೆ ತಿರುಗಿದ್ದವು. ನಾನು ಯಾರ ಕಡೆಯವಳು ಎಂದು ಈ ಕ್ಷಣವೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು ಭಯವಾಯಿತು. ಬಾಯಿ ತಾನಾಗಿ ತೆರೆಯಿತು.

‘ನನ್ನ ಅಜ್ಜಿಯೇ ಜೀತದವಳು,’ ಎಂದೆ. ‘ಅವಳ ಹೆಸರು ತುಕ್ರು.’

ನನ್ನ ಸ್ವಂತ ಅಜ್ಜಿಯ ಹೆಸರು ಹೇಳಲು ನಾಲಿಗೆ ಏಳಲಿಲ್ಲ ನೋಡಿ. ಆಮೇಲೆ ನಿಲ್ಲಿಸಲಾಗಲಿಲ್ಲ. ಹಟ್ಟಿ, ದಿಬ್ಬಣ, ಬಾಯಲ್ಲಿ ಬೈಹುಲ್ಲು — ಎಲ್ಲವನ್ನೂ ಹೇಳಿದೆ. ಕಾಗದ ಒಂದನ್ನು ಬಿಟ್ಟು. ಮೇಷ್ಟ್ರು ತಲೆ ತಗ್ಗಿಸಿ ನನ್ನಲ್ಲಿ ಕ್ಷಮೆ ಕೇಳಿದರು. ಎರ್ನಾ ಎದ್ದು ಬಂದು ನನ್ನ ಕೈ ಹಿಡಿದು ಅತ್ತರು. ನಾನೂ ಅತ್ತೆ. ಆ ಅಳು ಏತಕ್ಕೆ ಎಂದು ನನಗೆ ಇವತ್ತಿಗೂ…

ತಿಂಗಳು ಕಳೆದು ಎರ್ನಾ ಅದನ್ನು ಧ್ವನಿಮುದ್ರಿಸಿಕೊಳ್ಳಲೇ ಎಂದು ಕೇಳಿದರು. ಆಗ ಇಲ್ಲವೆನ್ನಬಹುದಿತ್ತು. ಒಪ್ಪಿದೆ. ಊರೂರಿಗೆ ಹೋಗುವ ಸಣ್ಣ ಪ್ರದರ್ಶನವೊಂದರಲ್ಲಿ ನನ್ನ ಧ್ವನಿಯನ್ನು ಇಟ್ಟರು. ಹೆಡ್‌ಫೋನ್ ಹಾಕಿಕೊಂಡರೆ ಕೇಳುತ್ತದೆ. ಮಗಳು ಅನ್ವಿತಾ ಗೆಳತಿಯರನ್ನು ಕರೆದುಕೊಂಡು ಹೋಗಿ ಕೇಳಿಸಿದಳು. ‘ಅಮ್ಮಾ, ಐ ಆ್ಯಮ್ ಸೋ ಪ್ರೌಡ್ ಆಫ್ ಹರ್. ನನಗ್ಯಾಕೆ ಮುಂಚೆ ಹೇಳ್ಲಿಲ್ಲ?’ ಎಂದು ತಬ್ಬಿಕೊಂಡಳು. ಆಗಲೂ ನಾನು ನಿಜ ಹೇಳಲಿಲ್ಲ.

ಪ್ರದರ್ಶನ ನೀವಿರುವ ನೈಮೆಗನ್ನಿಗೂ ಬಂತು. ಅಲ್ಲಿನ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ನೀವು ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಹೆಡ್‌ಫೋನ್ ಹಾಕಿಕೊಂಡಿರಿ. ಡಚ್ ಮಾತಿನ ನಡುವೆ ‘ತುಕ್ರು’ ಎಂಬ ಹೆಸರು ಕೇಳಿಸಿತು. ನಿಮ್ಮ ಅಮ್ಮನ ಹುಟ್ಟನ್ನು ಯಾರೋ ತನ್ನ ಮನೆಯದೆಂದು ಹೇಳುತ್ತಿದ್ದರು. ನೀವು ಎರ್ನಾರ ಮೂಲಕ ನನಗೆ ಕಳಿಸಿದ ಸಂದೇಶ ಒಂದೇ ಸಾಲು: ‘ತುಕ್ರು ನನ್ನ ಅಜ್ಜಿ. ನೀವು ಯಾರು?’

ಅದನ್ನು ನಾನು ಓದಿದ್ದು ಆಸ್ಪತ್ರೆಯ ಕೌಂಟರಿನಲ್ಲಿ. ಎದುರು ನಿಂತವರು ಏನು ಕೇಳುತ್ತಿದ್ದಾರೆಂದೇ ತಿಳಿಯಲಿಲ್ಲ. ಫೋನನ್ನು ಕವುಚಿ ಇಟ್ಟೆ. ಮತ್ತೆ ಎತ್ತಿದೆ. ಅದು ಹಾಗೇ ಇತ್ತು.

ಶನಿವಾರ ಮಧ್ಯಾಹ್ನ ಯುಟ್ರೆಕ್ಟ್ ಸ್ಟೇಷನ್ನಿನ ಕಾಫಿ ಅಂಗಡಿಯಲ್ಲಿ ನೀವು ನನಗಿಂತ ಮೊದಲೇ ಬಂದು ಕೂತಿದ್ದಿರಿ. ನಾನು ತುಳುವಿನಲ್ಲಿ ಮಾತು ಶುರು ಮಾಡಿದೆ. ಕೈಯೆತ್ತಿ ತಡೆದಿರಿ.

‘ಕನ್ನಡದಲ್ಲಿ ಮಾತಾಡುವ ಮೇಡಂ. ತುಳುವಿನಲ್ಲಾದ್ರೆ ನನ್ನ ಬಾಯಿಯಿಂದ ನಿಮಗೆ “ಅಕ್ಕೆರೆ” ಅಂತ, ಒಡತಿಗೆ ಹೇಳುವ ಹಾಗೆ, ಬಂದುಬಿಡ್ತದೆ. ಅಷ್ಟು ಅಭ್ಯಾಸ ಮಾಡಿಸಿಟ್ಟಿದ್ದಾರೆ.’

ನನ್ನ ಮನೆಯ ಹೆಸರು ಹೇಳಿದೆ. ನಿಮ್ಮ ಮುಖದಲ್ಲಿ ಏನೂ ಬದಲಾಗಲಿಲ್ಲ; ನೀವು ಮೊದಲೇ ಊಹಿಸಿದ್ದಿರಿ. ಬೈಯುತ್ತೀರಿ ಎಂದು ಕಾದೆ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆನೇನೋ. ನೀವು ಕಾಫಿಯನ್ನು ಬದಿಗೆ ಸರಿಸಿ ಹೇಳಿದಿರಿ:

‘ಅಜ್ಜಿ ಸಾಯುವ ತನಕ ಒಂದೇ ಮಾತು ಹೇಳ್ತಿದ್ರು. ಸಣ್ಣಕ್ಕೆ ಸರಿಯಾಗಿಯೇ ಓದಿದ್ದಾರೆ, ಅವರು ಸುಳ್ಳು ಹೇಳುವವರಲ್ಲ, ಆಫೀಸಿನಲ್ಲೇ ಕಾಗದ ಬದಲಾಯಿಸಿದ್ದಾರೆ ಅಂತ. ಆ ಸಣ್ಣಕ್ಕೆ ಯಾರು? ಕಾಗದ ಓದಿ ಹೇಳಿದ್ದು ಯಾರು?’

ನಮ್ಮ ಮನೆಯಲ್ಲಿ ಹೆಣ್ಣುಮಗು ನಾನೊಬ್ಬಳೇ. ನಿಮಗೆ ಅದು ಗೊತ್ತಿತ್ತು. ನನ್ನ ಬಾಯಿಂದಲೇ ಬರಲಿ ಎಂದು ಕೇಳಿದಿರಿ. ‘ಗೊತ್ತಿಲ್ಲ’ ಎಂದೆ. ಕತೆ ಕದ್ದದ್ದನ್ನು ಒಪ್ಪಿಕೊಳ್ಳಲು ಬಂದವಳು ಕಾಗದದ ಹತ್ತಿರ ಬಂದ ಕೂಡಲೇ ಮತ್ತೆ ಹದಿನೈದರ ಹುಡುಗಿಯಾದೆ. ಸಾಯುವ ತನಕ ನನ್ನನ್ನು ನಂಬಿದ್ದರು ಎಂಬುದು — ಅದೊಂದು ನನಗೆ ಗೊತ್ತಿರಲಿಲ್ಲ, ಹರಿಣಾಕ್ಷಿ. ಗೊತ್ತಿದ್ದರೆ ಏನು ಮಾಡುತ್ತಿದ್ದೆ? ಏನೂ ಮಾಡುತ್ತಿರಲಿಲ್ಲ.

ನೀವು ಎದ್ದಿರಿ. ‘ಸಾರಿ ಹೇಳ್ಬೇಡಿ. ಎಲ್ಲಾ ಬರೆದು ಕೊಡಿ, ಕನ್ನಡದಲ್ಲಿ. ನನ್ನ ಅಮ್ಮನಿಗೆ ಗೊತ್ತಾಗ್ಬೇಕು,’ ಎಂದು ಪ್ಲಾಟ್‌ಫಾರ್ಮಿನ ಕಡೆ ನಡೆದಿರಿ. ನನ್ನ ರೈಲು ಬಂತು, ಹೋಯಿತು. ನಾನು ಹತ್ತಲಿಲ್ಲ.

ಆಮೇಲೆ ಮಾಡಿದ್ದನ್ನು ಹೇಳಿಬಿಡುತ್ತೇನೆ. ಎರ್ನಾರ ಮನೆಗೆ ಹೋಗಿ ಹೇಳಿದೆ. ಅವರು ‘ನಿನ್ನ ಕೈ ಹಿಡಿದು ನಾನು ಅತ್ತಿದ್ದೆ,’ ಎಂದರು, ಅಷ್ಟೇ. ಈಗ ನನ್ನ ಧ್ವನಿಯನ್ನು ತೆಗೆದಿದ್ದಾರೆ. ಮುಂದಿನ ಭಾನುವಾರ ಅದೇ ಭವನದಲ್ಲಿ, ಆ ಮೇಷ್ಟ್ರ ಎದುರು, ನಾನು ಯಾವ ಮನೆಯವಳು ಎಂದು ಹೇಳಬೇಕು. ಅವರ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ.

ಅನ್ವಿತಾಗೂ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ‘ಆ ಜಾಗ ಈಗ ಯಾರ ಹತ್ರ ಇದೆ?’ ಎಂದಳು. ‘ಮಾಮನ ಹತ್ರ. ಅರ್ಧ ನನ್ನದೂ ಹೌದು.’ ‘ಸೋ ಯೂ ಸ್ಟಿಲ್ ಹ್ಯಾವ್ ಇಟ್,’ ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆರು ದಿನವಾಯಿತು, ನನ್ನ ಹತ್ತಿರ ಊಟದ ಮಾತೊಂದೇ.

ಅಣ್ಣನಿಗೆ ಫೋನ್ ಮಾಡಿ, ಇದನ್ನೆಲ್ಲ ಬರೆದು ಕೊಡುತ್ತಿದ್ದೇನೆ, ಆ ಜಾಗ ತುಕ್ರುವಿನ ಮನೆಯವರಿಗೆ ಹೋಗಬೇಕು ಎಂದೆ. ‘ನಿಂಗೆ ಮರ್ಲಾ, ತಲೆ ಸರಿ ಉಂಟಾ?’ ಎಂದ. ‘ಅಲ್ಲಿ ನಾನು ಕಾರ್ ಶೆಡ್ ಕಟ್ಟಿದ್ದು ನಿಂಗೆ ಗೊತ್ತುಂಟಲ್ಲ? ನೀನು ಬರೆದು ಕೊಟ್ರೆ ಅಪ್ಪನ ಹೆಸರು ಏನಾಗ್ತದೆ? ನಿನ್ನ ಹೆಸರು? ಈ ಮನೆಗೆ ಮತ್ತೆ ಕಾಲಿಡ್ಬೇಡ.’ ನನ್ನ ಪಾಲಿನಲ್ಲಿ ಆ ಜಾಗವನ್ನೇ ಕೇಳುತ್ತೇನೆ, ಅದು ಬಾಗಿಯವರ ಹೆಸರಿಗೆ ಆಗಬೇಕು ಎಂದೆ. ಅವನು ಫೋನ್ ಇಟ್ಟ. ಅವನು ಸುಮ್ಮನಿರುವವನಲ್ಲ. ವಕೀಲರ ಹತ್ತಿರ ಹೋಗಿದ್ದಾನೆಂದು ಅತ್ತಿಗೆ ಮೆಸೇಜು ಹಾಕಿದ್ದಾರೆ. ಆಗುತ್ತದೋ ಇಲ್ಲವೋ ತಿಳಿಯದು. ಆದರೂ ಅದು ನಾನು ಕೊಡುವ ದಾನವಲ್ಲ, ನಿಮ್ಮ ನೋವಿಗೆ ಸಮವೂ ಅಲ್ಲ. ನಿಮ್ಮದೇ ಆಗಿದ್ದದ್ದು ಅದು.

ನಿನ್ನೆ ನಿಮ್ಮ ಸಂದೇಶ ಬಂತು. ಬರವಣಿಗೆ ಇನ್ನೂ ಮುಗಿದಿಲ್ಲ ಎಂದು ನಾನು ತಿಳಿಸಿದ್ದಕ್ಕೆ ನಿಮ್ಮ ಅಮ್ಮ ಹೇಳಿದ ಮಾತನ್ನು ಹಾಗೇ ಬರೆದಿದ್ದಿರಿ: ‘ಕಳಿಸುವುದು ಬೇಡ. ಬರ್ಲಿಕ್ಕೆ ಹೇಳು. ಊರಿನವರು ಇರುವಾಗ ಅವರೇ ಓದ್ಲಿ. ನಾನು ಕೇಳ್ತೇನೆ.’

ಅದನ್ನು ಓದಿದಾಗಿನಿಂದ ಅನ್ನ ಸೇರುತ್ತಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವರು ಬಾಗಿ. ಅವರ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ನಾನು ಅವರನ್ನು ಸರಿಯಾಗಿ ನೋಡಿದವಳೇ ಅಲ್ಲ. ಅಲ್ಲಿ ನನ್ನ ಧ್ವನಿ ನಿಂತುಹೋದರೆ, ಅಣ್ಣ ಜನ ಕರೆದುಕೊಂಡು ಬಂದರೆ, ಕೇಳಿದ ಮೇಲೆ ಬಾಗಿಯವರು ಏನೂ ಹೇಳದೆ ಎದ್ದು ಹೋದರೆ — ಒಂದೊಂದನ್ನೂ ನೂರು ಸಲ ಯೋಚಿಸಿದ್ದೇನೆ.

ಬರುತ್ತೇನೆ ಎಂದು ಅವರಿಗೆ ಹೇಳಿ, ಹರಿಣಾಕ್ಷಿ. ಹೆದರಿಕೆ ಇಳಿಯಲಿ ಎಂದು ಕಾಯುವುದಿಲ್ಲ, ಅದು ಇಳಿಯುವುದಿಲ್ಲ.