ಇಗರ್ಜಿಯ ಸೂರುನೀರು

ಎಲ್ಲಾದರೂ ಹಳೇ ಗೋಡೆ ಕೆಡವುವಾಗ ಏಳುವ ಗಾರೆಯ ಧೂಳು ಮೂಗಿಗೆ ಬಡಿದ ಕೂಡಲೇ ಸೊರಬದ ಆಚೆಗಿದ್ದ ನಮ್ಮೂರಿನ ಇಗರ್ಜಿ ನೆನಪಾಗುತ್ತದೆ. ಘಟ್ಟದ ಕೆಳಗಿನಿಂದ ಬಂದ ನಮ್ಮ ಹಿರಿಯರು ಜಂಬಿಟ್ಟಿಗೆ ಹೊರಿಸಿ, ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಕಟ್ಟಿಸಿದ್ದಂತೆ ಅದು. ಊರಿನ ಮೇಸ್ತ್ರಿಗಳಿಗೆ ಗೊತ್ತಿದ್ದದ್ದು ಮನೆ ಕಟ್ಟುವುದು ಮಾತ್ರ. ಹಾಗಾಗಿ ಎದುರಿಗೆ ಕಮಾನು, ಶಿಲುಬೆ ಎಲ್ಲ ಇದ್ದರೂ ಪಕ್ಕದಿಂದ ನೋಡಿದರೆ ಉದ್ದ ಜಗಲಿ, ಅಗಲವಾದ ಹೆಂಚಿನ ಸೂರು, ಥೇಟ್ ಯಾರೋ ಗೌಡರ ಮನೆ. ಅದರ ಬೆನ್ನಿಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ನಾವಿದ್ದೆವು. ಅಪ್ಪ ಗಂಟೆ ಹೊಡೆಯುವ, ದೀಪ ಹಚ್ಚುವ ಕೆಲಸದವರು. ಅಮ್ಮ ಒಗ್ಗರಣೆ ಹಾಕಿದರೆ ಪೂಜೆಯ ನಡುವೆ ಜನ ಸೀನುತ್ತಿದ್ದರು, ಪಾದ್ರಿಗಳೂ ಸೀನುತ್ತಿದ್ದರು.

ನನ್ನ ತಮ್ಮ ಹುಟ್ಟಿದ ದಿನವೇ ಹೋದ. ಪಾದ್ರಿಗಳು ತಲೆಗೆ ತೀರ್ಥ ಹಾಕಿ ಮಾಡಿಸುವ ಜ್ಞಾನಸ್ನಾನ ಆಗದ ಕೂಸಿಗೆ ಆಗ ಸ್ಮಶಾನದ ಪೌಳಿಯೊಳಗೆ ಜಾಗವಿರಲಿಲ್ಲ. ಅಂಥ ಕೂಸುಗಳನ್ನು ಇಗರ್ಜಿಯ ಉತ್ತರದ ಗೋಡೆಯ ಬುಡದಲ್ಲಿ, ಸೂರಿನ ನೀರು ಬೀಳುವ ಗೆರೆಯಲ್ಲೇ ಹೂಳುವುದು ನಮ್ಮವರ ರೂಢಿ. ದೇವರ ಮನೆಯ ಹೆಂಚು ತೊಳೆದು ಇಳಿದ ನೀರೂ ತೀರ್ಥವೇ, ಬಿದ್ದು ಬಿದ್ದು ಎಂದೋ ಒಂದು ದಿನ ಕೂಸಿಗೆ ಜ್ಞಾನಸ್ನಾನ ಆಗಿಯೇ ಆಗುತ್ತದೆ ಎಂಬ ನಂಬಿಕೆ. ಪ್ರತಿ ವರ್ಷ ಮೊದಲ ಮಳೆಗೆ ಅಮ್ಮ ಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದಳು. "ಬಿತ್ತು ನೋಡು, ಅವನ ಮೇಲೇ ಬಿತ್ತು" ಅನ್ನುತ್ತಿದ್ದಳು. ಆ ಕಡೆಯ ಹೆಂಚು ಒಂದು ಜರುಗಿದರೂ ಸರಿ ಮಾಡಿಸುವವರೆಗೆ ಅಪ್ಪನ ಜೀವ ತಿನ್ನುತ್ತಿದ್ದಳು.

ಈಚೆಗೆ ಅದನ್ನು ಕೆಡವಿ ಹೊಸ ಇಗರ್ಜಿ ಕಟ್ಟಿದರು. ಗೋಡೆ ಬಿರುಕು ಬಿಟ್ಟಿತ್ತು, ಅವರದ್ದೇನೂ ತಪ್ಪಿಲ್ಲ. ನಾನು ಹೋಗಿ ನೋಡಿದೆ. ಉತ್ತರದ ಕಡೆ ಸಿಮೆಂಟು ಹಾಸಿ ಬೈಕು ನಿಲ್ಲಿಸಿದ್ದರು. ನಿಜ ಹೇಳಬೇಕೆಂದರೆ ಏನೂ ಅನಿಸಲಿಲ್ಲ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಚಾ ಕುಡಿದು ಶಿಕಾರಿಪುರಕ್ಕೆ ವಾಪಸಾದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಇಲ್ಲೇ ಇದ್ದಾಳೆ. ಊಟಕ್ಕೆ ಕೂತಾಗ ಕೇಳಿದಳು.

"ಹೊಸದಕ್ಕೆ ಸೂರು ಎಷ್ಟು ಇಳ್ಸಿದಾರೆ?"

"ಸೂರಿಲ್ಲಮ್ಮ, ತಾರಸಿ. ನೀರೆಲ್ಲ ಪೈಪಲ್ಲಿ ಟ್ಯಾಂಕಿಗೆ ಹೋಗ್ತದೆ."

ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಈಗ ಆ ಕಟ್ಟುಪಾಡೆಲ್ಲ ಇಲ್ಲ, ಅಂಥ ಕೂಸುಗಳನ್ನು ದೇವರೇ ಕರೆದುಕೊಳ್ಳುತ್ತಾನೆ ಅಂತ ಈಗಿನ ಪಾದ್ರಿಗಳೇ ಹೇಳುತ್ತಾರೆ ಎಂದೆ. ಸಮಾಧಾನವಾಗಲಿ ಎಂದು ಹೇಳಿದ್ದು.

"ಹೌದಾ," ಎಂದಳು. "ಹಂಗಾರೆ ಆವತ್ತೇ ಪೌಳಿ ಒಳಗೆ ಮಲಗಿಸ್ಬೋದಿತ್ತಲ."

ನನಗೆ ಅಳು ಬಂದಿದ್ದರೆ ಚೆನ್ನಾಗಿತ್ತು. ಸಾರು ಹಾಕಲಾ ಎಂದು ಕೇಳಿದೆ. ಹಾಕು ಎಂದಳು.