ಪೋರ್ಟ್‌ಫೋಲಿಯೋದಲ್ಲಿ ಬರೆಯದೆ ಬಿಟ್ಟದ್ದು

ಕಳೆದ ವಾರ ನಮ್ಮ ಕಾಲೇಜಿಗೆ ಹೊಸ ಜೆರಾಕ್ಸ್ ಮಷೀನು ಬಂತು. ಮೊದಲು ಹೊರಬಿದ್ದ ಹಾಳೆಯನ್ನು ಸುಮ್ಮನೆ ಕೈಗೆತ್ತಿಕೊಂಡೆ. ಬಿಸಿ ಕಾಗದದ, ಸ್ವಲ್ಪ ಸೀದ ಹಾಗಿನ ಆ ವಾಸನೆ ಮೂಗಿಗೆ ಬಂದದ್ದೇ ತಡ, ಕೊಪ್ಪದ ಬಾಳಗಡಿಯ ಜೆರಾಕ್ಸ್, ಕಂಪ್ಯೂಟರ್ ಅಂಗಡಿಯ ಅಕ್ಕ ನೆನಪಾದರು. ಎಷ್ಟು ವರ್ಷವಾಯಿತು...

ನಾನಾಗ ಕೊಪ್ಪದಲ್ಲಿ ರೂಮು ಮಾಡಿಕೊಂಡು ಬಿ.ಎಡ್. ಓದುತ್ತಿದ್ದೆ. ನಮ್ಮ ಹಿಂದಿನವರೆಲ್ಲ ದಪ್ಪ ರೆಕಾರ್ಡ್ ಪುಸ್ತಕ ಬರೆದು ಪಾರಾಗಿದ್ದರು. ನಮ್ಮ ಕಾಲಕ್ಕೆ ಇ-ಪೋರ್ಟ್‌ಫೋಲಿಯೋ ಬಂತು. ಒಬ್ಬೊಬ್ಬರಿಗೂ ಇಂಟರ್ನೆಟ್ಟಿನಲ್ಲಿ ಒಂದೊಂದು ಪುಟ. ಅದರಲ್ಲಿ ಪಾಠದ ಯೋಜನೆ, ಪಾಠ ಮಾಡಿದ ವಿಡಿಯೋ, ಫೋಟೋ ಎಲ್ಲ ಹಾಕಿ, ಕೆಳಗೆ ‘ಇದರಿಂದ ನಾನೇನು ಕಲಿತೆ’ ಎಂದು ಬರೆಯಬೇಕು. ನಾವು ಸಿಕ್ಕಿಬೀಳುತ್ತಿದ್ದದ್ದೇ ಅಲ್ಲಿ. ಏನು ಕಲಿತೆವೆಂದು ನಮಗೆ ಗೊತ್ತಿದ್ದರೆ ತಾನೆ ಬರೆಯುವುದು?

ಅದಕ್ಕೂ ಅಕ್ಕನ ಅಂಗಡಿಯಲ್ಲೇ ದಾರಿ ಸಿಕ್ಕಿತು. ಯಾರೋ ಪುಣ್ಯಾತ್ಮರು ಚೆನ್ನಾಗಿ ಬರೆದ ಒಂದು ಅನಿಸಿಕೆ ಅವರ ಕಂಪ್ಯೂಟರಿನಲ್ಲಿ ಉಳಿದುಕೊಂಡಿತ್ತು. ಹೆಸರು, ಶಾಲೆ ಬದಲಾಯಿಸಿ ಎಲ್ಲರೂ ಅದನ್ನೇ ಹಾಕಿಸಿದೆವು. ನರಸಿಂಹರಾಜಪುರದಲ್ಲಿ ಪಾಠ ಮಾಡಿದ್ದ ಒಬ್ಬ ಸಹಪಾಠಿ ಶಾಲೆಯ ಹೆಸರು ಬದಲಾಯಿಸುವುದನ್ನೇ ಮರೆತು, ಕಣ್ಣಿಂದ ಕಂಡೇ ಇರದ ಮೇಗುಂದದ ಮಕ್ಕಳಿಗೆ ತುಂಬು ಹೃದಯದ ಧನ್ಯವಾದ ಹೇಳಿದ್ದ. ಅವನಿಗೂ ಒಳ್ಳೆಯ ಅಂಕವೇ ಬಂತು. ನಾವು ವಾರವಿಡೀ ನಕ್ಕೆವು.

ಅಕ್ಕ ನಗಲಿಲ್ಲ, ಅವರಿಗೆ ಆಶ್ಚರ್ಯವಾಗಿತ್ತು. ಪಿಯುಸಿಗೇ ಓದು ಬಿಟ್ಟವರು ಅವರು. ಲಗ್ನಪತ್ರಿಕೆಯಿಂದ ಹಿಡಿದು ತಾಲ್ಲೂಕು ಕಚೇರಿಯ ಅರ್ಜಿಯವರೆಗೆ ಟೈಪ್ ಮಾಡಿದ್ದನ್ನೆಲ್ಲ ಓದಿಯೇ ಕೊಡುತ್ತಿದ್ದರು. ಈ ಪುಟವನ್ನು ಆಮೇಲೆ ಯಾರು ಓದುತ್ತಾರೆ, ನೀವೇ ಎಂದಾದರೂ ತೆಗೆದು ನೋಡುತ್ತೀರಾ ಎಂದು ನನ್ನನ್ನು ಕೇಳುತ್ತಲೇ ಇರುತ್ತಿದ್ದರು. ಏನು ಕಲಿತೆ ಎಂದು ಕಲಿತವರನ್ನೇ ಕೇಳುತ್ತಾರೆಂಬುದು ಅವರಿಗೆ ಬಹಳ ಹಿಡಿಸಿತ್ತು. ಅವರನ್ನು ಹಾಗೆ ಯಾರೂ ಕೇಳಿರಲಿಲ್ಲವಂತೆ.

ನಾನು ಮುತ್ತಿನಕೊಪ್ಪದ ಶಾಲೆಯಲ್ಲಿ ಬೀಜ ಮೊಳೆಯುವ ಪಾಠ ಮಾಡಿದ್ದೆ. ಗೆಳತಿ ಅದನ್ನು ಫೋನಿನಲ್ಲಿ ಹಿಡಿದಿದ್ದಳು. ಫೈಲು ದೊಡ್ಡದಾಗಿ ಅಪ್‌ಲೋಡ್ ಆಗದೆ, ಚಿಕ್ಕದು ಮಾಡಿಸಲು ಅಕ್ಕನ ಹತ್ತಿರ ಹೋದೆ. ಅವರು ವಿಡಿಯೋವನ್ನು ಪೂರ್ತಿ ನೋಡಿದರು. ಬೀಜ ಮೊಳೆಯಲು ನೀರು, ಗಾಳಿ, ಬಿಸಿಲು ಬೇಕು ಎಂದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಏನೋ ಹೇಳುತ್ತಾಳೆ. ಮಧ್ಯೆ ಮಾತಾಡಬೇಡ, ಕೂತುಕೋ ಎಂದು ನಾನು ಕೈ ಬೀಸುತ್ತೇನೆ.

“ಆ ಕೂಸು ಎಂತ ಹೇಳ್ತು?” ಎಂದು ಕೇಳಿದರು ಅಕ್ಕ.

ನನಗೆ ಗೊತ್ತಿರಲಿಲ್ಲ. ಅವರು ಹೆಡ್‌ಫೋನ್ ಹಾಕಿಕೊಂಡು ನಾಲ್ಕು ಸಲ ಕೇಳಿದರು. ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ನನಗೋ ಅವಸರ. ಸಲ್ಲಿಸಲು ಎರಡೇ ದಿನ ಉಳಿದಿತ್ತು. ಒಂದು ಖಾಸಗಿ ಶಾಲೆಯವರು ವಿಜ್ಞಾನದ ಟೀಚರ್ ಹುಡುಕುತ್ತಿದ್ದರು, ನಮ್ಮ ಪೋರ್ಟ್‌ಫೋಲಿಯೋಗಳನ್ನು ನೋಡಿಯೇ ಕರೆಯುವವರಿದ್ದರು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಮನೆಯಲ್ಲಿ ಮದುವೆಯ ಮಾತನ್ನು ಮುಂದೂಡಲು ನನಗಿದ್ದ ನೆಪ ಅದೊಂದೇ.

“ನಾಳೆ ಹೋಗಿ ಕೇಳ್ಕೊಂಡು ಬಾ ಮಾರಾಯ್ತಿ. ನಂಗೆ ತಡಿಯಕ್ಕಾಗ್ತಿಲ್ಲ,” ಎಂದರು.

ಇವರಿಗೇಕೆ ಊರ ಉಸಾಬರಿ ಎಂದು ಸಿಟ್ಟು ಬಂತು. ಆದರೆ ರಾತ್ರಿಯಾಗುವುದರೊಳಗೆ ಆ ಕುತೂಹಲ ನನಗೂ ಅಂಟಿಕೊಂಡಿತು. ಮರುದಿನ ಬಸ್ಸು ಹಿಡಿದು ಹೋದೆ. ಹುಡುಗಿ ಬಿಸಿಯೂಟ ಮುಗಿಸಿ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ಬೈಯಲು ಬಂದೆನೆಂದುಕೊಂಡು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಆಮೇಲೆ ತಟ್ಟೆಯನ್ನೇ ನೋಡುತ್ತ ಹೇಳಿದಳು:

“ಅಮ್ಮ ಹೆಸರುಕಾಳು ಬಟ್ಟೇಲಿ ಕಟ್ಟಿ ಡಬ್ಬಿಯೊಳಗೆ ಇಡ್ತಾರೆ ಟೀಚರ್. ಅಲ್ಲಿ ಬಿಸಿಲೇ ಇಲ್ಲ, ಆದ್ರೂ ಮೊಳಕೆ ಬರ್ತದಲ್ಲ ಅಂದೆ.”

ಹುಟ್ಟಿದಾಗಿನಿಂದ ಮೊಳಕೆಕಾಳಿನ ಪಲ್ಯ ತಿಂದವಳು ನಾನು. ನೀನು ಹೇಳಿದ್ದೇ ಸರಿ ಎಂದು ಹೇಗೋ ಹೇಳಿ, ಬಸ್ಸು ತಪ್ಪೀತೆಂದು ಓಡಿದೆ.

ಅಕ್ಕನಿಗೆ ಹೇಳಿದಾಗ ಮೇಜು ತಟ್ಟಿಕೊಂಡು ನಕ್ಕರು. ವಾರಕ್ಕೊಮ್ಮೆ ಕಾಳು ಕಟ್ಟಿಡುವ ತನಗೂ ಅದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಪರಮಾನಂದ. ಕೀಬೋರ್ಡನ್ನು ಹತ್ತಿರ ಎಳೆದುಕೊಂಡು, ನೀನು ಹೇಳು, ನಾನು ಟೈಪ್ ಮಾಡುತ್ತೇನೆ ಎಂದು ಕೂತರು. ಬೀಜದ ಪಾಠವನ್ನೇ ತಪ್ಪು ಮಾಡಿದವಳನ್ನು ಯಾವ ಶಾಲೆಯವರು ಕರೆದಾರು ಎಂದು ನಾನು ಬಸ್ಸಿನಲ್ಲೇ ಲೆಕ್ಕ ಹಾಕಿಯಾಗಿತ್ತು.

“ಬೇಡ ಅಕ್ಕ. ಅಲ್ಲಿ ಜಾಗ ಇಲ್ಲ,” ಎಂದೆ.

ಪರದೆಯ ಮೇಲೆ ಎಷ್ಟು ಕೆಳಗಿಳಿದರೂ ಮುಗಿಯದಷ್ಟು ಬಿಳಿ ಜಾಗವಿತ್ತು. ಅಕ್ಕ ಅದನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹೇಳಿದಂತೆ ಹುಡುಗಿ ಎದ್ದುನಿಂತ ಭಾಗವನ್ನು ಕತ್ತರಿಸಿ ತೆಗೆದರು, ಹಳೆಯ ಅನಿಸಿಕೆಯನ್ನು ಹಾಕಿ ಶಾಲೆಯ ಹೆಸರು ಬದಲಾಯಿಸಿದರು.

ಕೆಲಸ ಸಿಕ್ಕಿತು. ಆಮೇಲೆ ಬಾಳಗಡಿಯಲ್ಲಿ ಇಳಿದಾಗಲೆಲ್ಲ ರಸ್ತೆಯ ಆಚೆ ಬದಿಯಲ್ಲೇ ನಡೆಯುತ್ತಿದ್ದೆ. ಅವರನ್ನು ಕಂಡರೆ ನಾಚಿಕೆಯಾಗುತ್ತಿತ್ತು. ಒಮ್ಮೆ ಹೋಗಿ ಮಾತಾಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು... ಅವರು ಕಾಯಿಲೆಯಿಂದ ತೀರಿಕೊಂಡ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ಅಂಗಡಿ ಬೇಕರಿಯಾಗಿತ್ತು.

ಈಗ ನಾನೇ ಬಿ.ಎಡ್. ಮಕ್ಕಳಿಗೆ ಪೋರ್ಟ್‌ಫೋಲಿಯೋ ಮಾಡಿಸುತ್ತೇನೆ. ತಪ್ಪಿದ್ದನ್ನು ಮೊದಲು ಬರೆಯಿರಿ ಎಂದು ಭಾಷಣ ಬಿಗಿಯುತ್ತೇನೆ. ಅವರು ತಲೆಯಾಡಿಸಿ, ಫೋನು ಬರೆದುಕೊಟ್ಟದ್ದನ್ನು ತಂದು ಹಾಕುತ್ತಾರೆ. ಬೈಯಲು ನನಗೆ ಬಾಯಿ ಬರುವುದಿಲ್ಲ.

ಹೊಸ ಮಷೀನು ಬಂದ ದಿನ ಸಂಜೆ ಮನೆಗೆ ಬಂದವಳೇ ನನ್ನ ಹಳೆಯ ಪುಟ ಇನ್ನೂ ಇದೆಯೇ ಎಂದು ಹುಡುಕಿದೆ. ಇತ್ತು. ತಿದ್ದಲೂ ಬರುತ್ತಿತ್ತು. ನಾನು ಹೇಳಿಕೊಟ್ಟದ್ದು, ಹುಡುಗಿ ಹೇಳಿದ್ದು, ನಾನು ಅವಳನ್ನು ಕೂರಿಸಿದ್ದು, ಎಲ್ಲ ಬರೆದೆ. ನಾಲ್ಕೇ ಸಾಲಾಯಿತು. ಅವಳ ಹೆಸರು ಬರೆಯಬೇಕೆಂದಾಗ ಕೈ ನಿಂತಿತು. ನಲ್ಲಿಯ ಹತ್ತಿರ ನಾನು ಅದನ್ನು ಕೇಳಿಯೇ ಇರಲಿಲ್ಲ. ಅಂದು ಅಕ್ಕನಿಗೆ ಟೈಪ್ ಮಾಡಲು ಬಿಟ್ಟಿದ್ದರೆ ಅವರು ಮೊದಲು ಕೇಳುತ್ತಿದ್ದದ್ದೇ ಹೆಸರನ್ನು. ಗೊತ್ತಿಲ್ಲವೆಂದರೆ ಮರುದಿನ ಮತ್ತೆ ಬಸ್ಸು ಹತ್ತಿಸುತ್ತಿದ್ದರು. ಈಗ ಹಾಗೆ ಕಳಿಸುವವರು ಯಾರೂ ಇಲ್ಲ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಸೇವ್ ಮಾಡಿದೆ.