ಮೀಟರು ಮುಚ್ಚಿಸಿದ ಶುಕ್ರವಾರ

ಮೂವತ್ತೆರಡು ವರ್ಷ ಕಂಬ ಹತ್ತಿ ಇಳಿದ ಲೈನ್‌ಮನ್ ಅವರು. ನಿವೃತ್ತರಾದ ಮೇಲೂ ಬೀದಿಗೆಲ್ಲ ಕರೆಂಟಣ್ಣನೇ. ಯಾರ ಮನೆಯ ಫ್ಯೂಸು ಹೋದರೂ ಉಟ್ಟ ಬಟ್ಟೆಯಲ್ಲೇ ಓಡುವರು. ಕೊಟ್ಟ ಚಹಾ ಕುಡಿದು, ಸಕ್ಕರೆ ಸಾಲದೆಂದು ಗೊಣಗಿ ಬರುವರು.

ಹೆಂಡತಿಯ ಶ್ವಾಸಕೋಶ ಕೈಕೊಟ್ಟಿತ್ತು. ಮೂಗಿಗೆ ನಳಿಕೆ, ಮಂಚದ ಪಕ್ಕ ಸದಾ ಗುಂಯ್‌ಗುಡುವ ಆಕ್ಸಿಜನ್ ಯಂತ್ರ. ಮಹಡಿಯ ಮೇಲಿನ ಮನೆ. ಇಪ್ಪತ್ತೆರಡು ಮೆಟ್ಟಿಲು ಇಳಿಸಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಇಬ್ಬರಿಗೂ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಆ ಮನೆ ಮಾರಿ, ಆಸ್ಪತ್ರೆಯ ಬಳಿ ಮೆಟ್ಟಿಲಿಲ್ಲದ ಮನೆ ಗೊತ್ತುಮಾಡಿದರು.

ನೋಂದಣಿ ಗುರುವಾರವಿತ್ತು. ಶುಕ್ರವಾರ ಕರೆಂಟು ತೆಗೆಯಿರಿ ಎಂದು ತಮ್ಮ ಹಳೆಯ ಆಫೀಸಿಗೆ ಅರ್ಜಿ ಕೊಟ್ಟರು. ಮೀಟರನ್ನು ತಮ್ಮ ಹೆಸರಿನಲ್ಲೇ ಬಿಟ್ಟುಹೋದವರು ಆಮೇಲೆ ಪಡುವ ಪಾಡನ್ನು ಬೇಕಾದಷ್ಟು ಕಂಡಿದ್ದರು. ಅಷ್ಟರಲ್ಲಿ ಕೊಳ್ಳುವವರಿಗೆ ಏನೋ ಅಡಚಣೆಯಾಗಿ ನೋಂದಣಿ ಸೋಮವಾರಕ್ಕೆ ಹೋಯಿತು. ಗ್ಯಾಸಿನವರಿಗೆ, ನೀರಿನವರಿಗೆ ಬರೆದು ತಿಳಿಸಿದರು. ತಮ್ಮ ಆಫೀಸಿಗೆ ಮಾತ್ರ ಬರೆಯಲಿಲ್ಲ. ಚಹಾದಂಗಡಿಯಲ್ಲಿ ಸಿಕ್ಕ ಗುಮಾಸ್ತನಿಗೆ, "ನಮ್ಮನೆ ಕರೆಂಟು ತೆಗೆಯೋದು ಮಂಗಳವಾರಕ್ಕೆ ಹಾಕ್ಕೊಳ್ಳಯ್ಯಾ" ಎಂದರು.

"ನಿಮ್ಮದಲ್ವಾ ಅಣ್ಣಾ, ಆಯ್ತು ಬಿಡಿ" ಎಂದವನು ಲೋಟ ಕೆಳಗಿಡುವಷ್ಟರಲ್ಲಿ ಮರೆತಿದ್ದ.

ಶುಕ್ರವಾರ ಬೆಳಿಗ್ಗೆ ನೀರಿನ ಆಫೀಸಿಗೆ ಇನ್ನೊಂದು ಕಾಗದ ಹಿಡಿದು ಹೊರಟರು.

"ಕೊಳಾಯಿಗೆಲ್ಲ ಕಾಗದ ಬರೀತೀರಿ" ಎಂದಳು ಹೆಂಡತಿ, ಪದಕ್ಕೊಂದು ಉಸಿರು ತೆಗೆದುಕೊಳ್ಳುತ್ತ. "ನನಗೊಂದು ಬರೆದದ್ದುಂಟಾ?"

"ನೀನು ಎದುರಿಗೇ ಇದ್ದೀಯಲ್ಲೇ."

ಆಕೆ ಎದ್ದು ಬಾಗಿಲು ಹಾಕುವ ಕಷ್ಟ ಬೇಡವೆಂದು ಹೊರಗಿನಿಂದಲೇ ಬೀಗ ಹಾಕಿಕೊಂಡು ಹೋದರು.

ಹತ್ತು ಗಂಟೆಗೆ, ಅವರೇ ಪಳಗಿಸಿದ ಲೈನ್‌ಮನ್ ಏಣಿ ಹೊತ್ತು ಬಂದ. ಕೈಯಲ್ಲಿ ಅರ್ಜಿ, ಬಾಗಿಲಿಗೆ ಬೀಗ, ಕಿಟಕಿಗೆ ಪರದೆಯಿಲ್ಲ, ಹೊರಟುಹೋಗಿದ್ದಾರೆ ಎಂದುಕೊಂಡ. ಕೂಗಿ ನೋಡಲಿಲ್ಲ. ಕೂಗಬಾರದೆಂದು ಕಲಿಸಿದವರೂ ಕರೆಂಟಣ್ಣನೇ: "ಮನೆಯವರ ಮುಖ ಕಂಡರೆ ಕೈ ಏಳಲ್ಲ ಕಣೋ. ಕಾಗದ ನೋಡು, ಕತ್ತರಿಸು, ಇಳಿ."

ತಂತಿ ಕತ್ತರಿಸಿ ಇಳಿದ. ಕರೆಂಟು ಹೋದದ್ದೇ ಒಳಗೆ ಯಂತ್ರ ಒಂದೇ ಸಮನೆ ಕೂಗಿಕೊಂಡಿತು. ಎದುರು ಮನೆಯಾಕೆಗೆ ಅದು ಕೇಳುವ ಹೊತ್ತಿಗೆ ಲೈನ್‌ಮನ್ ಬೀದಿ ದಾಟಿದ್ದ. ಆಕೆ ಫೋನು ಮಾಡಿದಳು.

"ಎಲ್ಲರ ಮನೇಲೂ ಹೋಗಿದೆಯಾ?" ಎಂದರು ಕರೆಂಟಣ್ಣ.

"ಇಲ್ಲ ಅಣ್ಣಾ. ನಿಮ್ಮದೊಂದೇ."

ಅವರಿಗೆ ಎಲ್ಲ ತಿಳಿಯಿತು. ಓಡಿಬಂದು ಬೀಗ ತೆಗೆದರು. ಹೆಂಡತಿಯ ತುಟಿ ನೀಲಿಗಟ್ಟಿತ್ತು, ಬೆರಳುಗಳು ಹೊದಿಕೆಯನ್ನು ಹಿಂಡುತ್ತಿದ್ದವು. ಪ್ರಯಾಣಕ್ಕೆಂದಿದ್ದ ಸಣ್ಣ ಆಕ್ಸಿಜನ್ ಸಿಲಿಂಡರು ತುಂಬಿಸಲು ಹೋಗಿತ್ತು.

"ಆಂಬುಲೆನ್ಸಿಗೆ ಹೇಳಿದ್ದೀನಿ" ಎಂದಳು ಎದುರು ಮನೆಯಾಕೆ. ಅದು ಬರುವವರೆಗೆ ಕಾಯುವ ಉಸಿರು ಅಲ್ಲಿರಲಿಲ್ಲ. ಕಾಂಪೌಂಡಿನ ಮೇಲೆ ನಿಂತು, ಅರವತ್ತೆರಡರ ಆ ಮನುಷ್ಯ ಏಣಿಯಿಲ್ಲದೆ, ಗ್ಲೌಸಿಲ್ಲದೆ ಕಂಬ ಹತ್ತಿದರು. ಮೊಣಕಾಲು ತರಚಿತು. ತಂತಿ ಸೇರಿತು.

"ಮಿಷನ್ ಓಡ್ತಿದೆಯಾ?" ಮೇಲಿಂದ ಕೂಗಿದರು.

ಕಿಟಕಿಯಲ್ಲಿ ಎದುರು ಮನೆಯಾಕೆ ಕಾಣಿಸಿಕೊಂಡಳು. "ಓಡ್ತಿದೆ. ಇಳೀರಿ ಅಣ್ಣಾ."

"ನಳಿಕೆ ಸರಿಯಾಗಿದೆಯಾ ನೋಡು!"

"ಸರಿಯಾಗಿದೆ. ಮೆಲ್ಲಗೆ ಇಳೀರಿ."

ಸಂಜೆ, ಅಂಗಳದಲ್ಲಿ ಮಲಗಿಸಿದ್ದ ಹೆಂಡತಿಯ ತಲೆಯ ಬಳಿ ದೀಪ ಉರಿಯುತ್ತಿತ್ತು. ಆ ಲೈನ್‌ಮನ್ ಬಂದು ಗೇಟು ಹಿಡಿದು ನಿಂತ, ಒಳಗೆ ಬರಲಾರದೆ.

"ನೀನ್ಯಾಕಪ್ಪಾ ಅಳ್ತೀಯ?" ಎಂದರು ಕರೆಂಟಣ್ಣ. "ಅರ್ಜಿ ನಂದು."